ಚೌಕ ತುಂಬಿಸುವ ಲೆಕ್ಕ
(ಬಾನುಲಿ ಭಾಷಣ)



ಇವತ್ತಿನ ಮಾತು ವರ್ಗ ಸಮೀಕರಣಗಳ ಬಗ್ಗೆ. ರೇಡಿಯೋದಲ್ಲಿ ಕರಿಹಲಗೆ ಇಲ್ಲ, ಆದ್ದರಿಂದ ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಕೂತರೆ ಒಳ್ಳೆಯದು. ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಓದು ಬಿಟ್ಟು ಇಪ್ಪತ್ತು ಮೂವತ್ತು ವರ್ಷವಾದವರೂ ಹೆದರಬೇಕಾಗಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಇವುಗಳ ಜೊತೆಗೆ ಒಂದು ಸಂಖ್ಯೆಯ ವರ್ಗಮೂಲ ಅಂದರೇನು ಎಂಬ ನೆನಪು, ಇಷ್ಟಿದ್ದರೆ ಸಾಕು.

ನೀಲಗಿರಿಯ ಎಮರಾಲ್ಡ್‌ನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು. ಊಟಿಯಿಂದ ಅವಲಾಂಚಿ ಕಡೆ ಹೊರಟರೆ ಸಿಗುವ ಊರು ಇದು. ಒಂದು ಮಗ್ಗುಲಿಗೆ ಕುಂದಾ ವಿದ್ಯುತ್ ಯೋಜನೆಯ ಜಲಾಶಯ. ಉಳಿದೆಡೆ ಟೀ ತೋಟ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ಯಾರೆಟ್, ಆಲೂಗಡ್ಡೆ, ಬೆಳ್ಳುಳ್ಳಿ ಹೊಲಗಳು. ಇಲ್ಲಿನ ಬಡಗರ ಮನೆಗಳಲ್ಲಿ ಮಕ್ಕಳು ಎಣಿಸುವುದು ಒಂದು, ಎರಡು, ಮೂರು ಎಂದೇ. ಶಾಲೆಯಲ್ಲಿ ಗಣಿತ ಓದುವುದು ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲಿ ಓದಿದರೂ ಈ ಪಾಠಕ್ಕೆ ಬಂದಾಗ ಮಕ್ಕಳು ಮಾಡುವುದು ಒಂದೇ. ಸೂತ್ರವನ್ನು ಉರು ಹೊಡೆಯುತ್ತಾರೆ. “ಮೈನಸ್ ಬಿ, ಪ್ಲಸ್ ಆರ್ ಮೈನಸ್, ಬಿ ವರ್ಗ ಮೈನಸ್ ನಾಲ್ಕು ಎ ಸಿ ಇದರ ವರ್ಗಮೂಲ, ಇಡೀ ಭಾಗಿಸು ಎರಡು ಎ.” ಮಗ್ಗಿಯ ಹಾಗೆ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆ ನಾಲ್ಕು ಎಲ್ಲಿಂದ ಬಂತು, ಮೈನಸ್ ಬಿ ಯಾಕೆ, ಎರಡು ಉತ್ತರ ಹೇಗೆ ಹುಟ್ಟಿದವು ಎಂದು ಕೇಳಿದರೆ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ. ಕೊನೆಯಲ್ಲಿ ಬರಬೇಕಾದ ಸೂತ್ರವನ್ನು ನಾವು ಮೊದಲೇ ಕೈಗೆ ಕೊಟ್ಟುಬಿಟ್ಟಿದ್ದೇವೆ.

ಒಂದು ಹೊಲದ ತುಂಡಿನಿಂದ ಶುರು ಮಾಡೋಣ. ಅದರ ಉದ್ದ ಅಗಲಕ್ಕಿಂತ 6 ಮೀಟರ್ ಹೆಚ್ಚು. ವಿಸ್ತೀರ್ಣ 91 ಚದರ ಮೀಟರ್, ನಮ್ಮ ಕಡೆಯ ಅಳತೆಯಲ್ಲಿ ಹೇಳಿದರೆ ಸುಮಾರು ಎರಡೂಕಾಲು ಸೆಂಟು. ಅಗಲ ಎಷ್ಟು?

ಅಗಲ ಗೊತ್ತಿಲ್ಲ, ಹಾಗಾಗಿ ಅದನ್ನು ಸುಮ್ಮನೆ ‘ಅಗಲ’ ಎಂದೇ ಕರೆಯೋಣ. ಪುಸ್ತಕದಲ್ಲಿ ಎಕ್ಸ್ ಎಂದಿರುವುದು ಇದೇ. ಉದ್ದ ಅಂದರೆ ಅಗಲಕ್ಕೆ 6 ಕೂಡಿಸಿದ್ದು. ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ. ಅಂದರೆ ಅಗಲದ ವರ್ಗ, ಅದಕ್ಕೆ ಅಗಲದ ಆರರಷ್ಟನ್ನು ಕೂಡಿಸಿದರೆ 91. ಇದೇ ವರ್ಗ ಸಮೀಕರಣ. ಗೊತ್ತಿಲ್ಲದ ಸಂಖ್ಯೆ ಒಂದು ಕಡೆ ತನ್ನಿಂದಲೇ ಗುಣಿಸಿಕೊಂಡು ಕೂತಿದೆ, ಇನ್ನೊಂದು ಕಡೆ ಒಂಟಿಯಾಗಿ ಇದೆ. ಎರಡು ರೂಪದಲ್ಲಿ ಇರುವುದರಿಂದಲೇ ತೊಡಕು. ಒಂದೇ ರೂಪದಲ್ಲಿ ಇದ್ದಿದ್ದರೆ ವರ್ಗಮೂಲ ತೆಗೆದೋ ಭಾಗಿಸಿಯೋ ಒಂದೇ ಹೆಜ್ಜೆಗೆ ಮುಗಿಸಬಹುದಿತ್ತು.

ಈಗ ಹಾಳೆಯ ಮೇಲೆ ಹೊಲದ ನಕ್ಷೆ ಬರೆಯಿರಿ. ಉದ್ದವಾದ ಒಂದು ಆಯತ. ಅದರ ಎಡತುದಿಯಿಂದ ಅಗಲದಷ್ಟೇ ದೂರದಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಒಂದು ಚೌಕ, ಬಲಕ್ಕೆ 6 ಮೀಟರಿನ ಪಟ್ಟಿ. ಆ ಪಟ್ಟಿಯನ್ನು ಉದ್ದಕ್ಕೆ ಸರಿಯಾಗಿ ಎರಡು ಮಾಡಿ. 3 ಮೀಟರಿನ ಎರಡು ಪಟ್ಟಿಗಳಾದವು. ಒಂದು ಪಟ್ಟಿ ಚೌಕದ ಬಲಕ್ಕೆ ಇದ್ದಲ್ಲೇ ಇರಲಿ. ಇನ್ನೊಂದನ್ನು ಎತ್ತಿ ಚೌಕದ ಕೆಳಗೆ ಅಡ್ಡಲಾಗಿ ಇಡಿ. ಏನಾಯಿತು ನೋಡಿ. ಬಹುಮಟ್ಟಿಗೆ ಒಂದು ದೊಡ್ಡ ಚೌಕ ಬಂತು, ಕೆಳಗಿನ ಬಲಮೂಲೆ ಮಾತ್ರ ಖಾಲಿ. ಆ ಮೂಲೆಯ ಅಳತೆ 3 ಮೀಟರಿಗೆ 3 ಮೀಟರ್, ಅಂದರೆ 9 ಚದರ ಮೀಟರ್. ಅಷ್ಟನ್ನು ನಾವೇ ತುಂಬಿಸೋಣ. ಒಂದು ಕಡೆ 9 ಕೂಡಿಸಿದ ಮೇಲೆ ಇನ್ನೊಂದು ಕಡೆಯೂ 9 ಕೂಡಿಸಬೇಕು. 91ಕ್ಕೆ 9 ಸೇರಿ 100. ದೊಡ್ಡ ಚೌಕದ ವಿಸ್ತೀರ್ಣ 100 ಆದರೆ ಅದರ ಬದಿ 10. ಆ ಬದಿ ಅಂದರೆ ಅಗಲಕ್ಕೆ 3 ಕೂಡಿದ್ದು. ಆದ್ದರಿಂದ ಅಗಲ 7, ಉದ್ದ 13. ತಾಳೆ ನೋಡಿ: 13 ಏಳಲ 91.

ಇಡೀ ಪಾಠದ ಜೀವಾಳ ಇಷ್ಟೇ. ಒಂಟಿ ಪದದ ಗುಣಕವನ್ನು ಅರ್ಧ ಮಾಡು, ಆ ಅರ್ಧದ ವರ್ಗವನ್ನು ಎರಡೂ ಕಡೆ ಕೂಡಿಸು, ಚೌಕ ತುಂಬಿತು, ವರ್ಗಮೂಲ ತೆಗೆ, ಅರ್ಧವನ್ನು ಕಳೆ. ಈ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದ ಹುಡುಗಿ ಅಗಲಕ್ಕೆ 3 ಕೂಡಿಸಿದ್ದರ ವರ್ಗವನ್ನು ‘ಅಗಲದ ವರ್ಗ ಪ್ಲಸ್ 9’ ಎಂದು ಬರೆದು ನಿಲ್ಲಿಸುವುದಿಲ್ಲ. ಎರಡು ಪಟ್ಟಿಗಳನ್ನು ಮರೆತೆ ಎಂಬುದು ಅವಳಿಗೇ ಹೊಳೆಯುತ್ತದೆ. ಹತ್ತನೆಯ ತರಗತಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಅದು.

ಮನುಷ್ಯ ಈ ಕೆಲಸ ಮಾಡತೊಡಗಿ ಬಹಳ ಕಾಲವಾಯಿತು. ಬ್ಯಾಬಿಲೋನಿನ ಒಂದು ಮಣ್ಣಿನ ಹಲಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸುಮಾರು ಮೂರೂಮುಕ್ಕಾಲು ಸಾವಿರ ವರ್ಷ ಹಳೆಯದು. ಚೌಕದ ವಿಸ್ತೀರ್ಣಕ್ಕೆ ಅದರ ಬದಿಯನ್ನು ಕೂಡಿಸಿದರೆ ಮುಕ್ಕಾಲು ಬರುತ್ತದೆ, ಬದಿ ಎಷ್ಟು ಎಂಬುದು ಅದರ ಮೊದಲ ಲೆಕ್ಕ. ಉತ್ತರ ಅರ್ಧ. ಅವರು ಮಾಡಿದ್ದೂ ಇದನ್ನೇ: ಒಂದರ ಅರ್ಧ, ಅದರ ವರ್ಗ ಕಾಲು, ಮುಕ್ಕಾಲಿಗೆ ಕಾಲು ಕೂಡಿದರೆ ಒಂದು. ಕ್ರಿಸ್ತಶಕ ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಚೌಕದ ಚಿತ್ರ ಬರೆದೇ ಇದನ್ನು ಸಾಧಿಸಿ ತೋರಿಸಿದ. ಅದೇ ಕಾಲದಲ್ಲಿ ಕನ್ನಡ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ದಿಂದ ನಮಗೆ ಅವನ ಆಸ್ಥಾನ ಗೊತ್ತು. ಆದರೆ ಅದೇ ನೃಪತುಂಗನನ್ನು ಗ್ರಂಥದ ಆರಂಭದಲ್ಲೇ ಕೊಂಡಾಡಿದ ಗಣಿತಜ್ಞನೊಬ್ಬನಿದ್ದಾನೆ, ಅವನನ್ನು ನಾವು ಸಾಕಷ್ಟು ಓದಿಲ್ಲ. ಅವನು ಮಹಾವೀರಾಚಾರ್ಯ, ಕೃತಿ ‘ಗಣಿತಸಾರಸಂಗ್ರಹ’, ಕಾಲ ಸುಮಾರು 850.

ಈ ಪುಸ್ತಕದ ಬಗ್ಗೆ ನನಗೆ ವಿಶೇಷ ಅಭಿಮಾನ. ಖಗೋಳದ ಹಂಗಿಲ್ಲದೆ ಗಣಿತವನ್ನು ಗಣಿತವಾಗಿಯೇ ಹೇಳುವ ಗ್ರಂಥ ಅದು. ಆರ್ಯಭಟ, ಬ್ರಹ್ಮಗುಪ್ತರ ಲೆಕ್ಕಗಳು ಗ್ರಹಗತಿಯ ಗ್ರಂಥಗಳ ಅಧ್ಯಾಯಗಳಾಗಿ ಬಂದರೆ ಮಹಾವೀರನದು ಮೊದಲಿನಿಂದ ಕೊನೆಯವರೆಗೆ ಲೆಕ್ಕದ ಪುಸ್ತಕ. ಅಡುಗೆ, ವೈದ್ಯ, ಸಂಗೀತ, ವಾಸ್ತು, ಎಲ್ಲದಕ್ಕೂ ಗಣಿತ ಬೇಕು ಎಂದು ಮೊದಲಲ್ಲೇ ಹೇಳಿಬಿಡುತ್ತಾನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದ್ದನ್ನು ಮದರಾಸು ಸರ್ಕಾರ 1912ರಲ್ಲಿ ಮುದ್ರಿಸಿತು. ಆಮೇಲೆ ಡಾ. ಪದ್ಮಾವತಮ್ಮನವರು ಕನ್ನಡಕ್ಕೂ ತಂದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಅಂದರೆ ಹೊಲ, ಬೇಲಿ, ಬಡ್ಡಿ, ಧಾನ್ಯದ ಲೆಕ್ಕವನ್ನು ನಮ್ಮ ಮಾತಿನಲ್ಲಿ ಹೇಳುವುದು ನಾವು ಇವತ್ತು ಹೊಸದಾಗಿ ಮಾಡಬೇಕಾದ ಸಾಹಸವೇನಲ್ಲ.

ಮಹಾವೀರನ ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂಟೆಗಳ ಹಿಂಡು. ಅದರ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. 15 ಒಂಟೆಗಳು ನದಿಯ ದಡದಲ್ಲಿ ಉಳಿದವು. ಒಟ್ಟು ಎಷ್ಟು?

ಇಲ್ಲಿ ಮೊದಲ ಜಾಣತನ ಗೊತ್ತಿಲ್ಲದ್ದನ್ನು ಆರಿಸಿಕೊಳ್ಳುವುದರಲ್ಲಿದೆ. ಒಟ್ಟು ಒಂಟೆಗಳನ್ನು ಎಕ್ಸ್ ಎಂದು ಹಿಡಿದರೆ ವರ್ಗಮೂಲದ ಚಿಹ್ನೆ ಕೊನೆಯವರೆಗೂ ಕಾಡುತ್ತದೆ. ಒಟ್ಟು ಸಂಖ್ಯೆಯ ವರ್ಗಮೂಲವನ್ನೇ ಗೊತ್ತಿಲ್ಲದ ಸಂಖ್ಯೆ ಎಂದು ಹಿಡಿಯೋಣ, ಅದಕ್ಕೆ ‘ಮೂಲ’ ಎನ್ನೋಣ. ಹಿಂಡು ಅಂದರೆ ಮೂಲದ ವರ್ಗ. ಕಾಲು ಭಾಗ ಕಾಡಿಗೆ ಹೋಗಿ ಉಳಿದದ್ದು ಮುಕ್ಕಾಲು. ಆ ಮುಕ್ಕಾಲು, ಮೂಲದ ಎರಡರಷ್ಟು ಮತ್ತು 15 ಇವೆರಡೂ ಸೇರಿದ್ದಕ್ಕೆ ಸಮ.

ಮಹಾವೀರ ಇದನ್ನು ಬಿಡಿಸುವ ರೀತಿ ಹೀಗಿದೆ. ಎಕ್ಸ್, ವೈ ಯಾವುದೂ ಇಲ್ಲ, ಎಲ್ಲ ಮಾತಿನಲ್ಲೇ. ಮೂಲದ ಗುಣಕ 2, ಅದರ ಅರ್ಧ 1. ಅದನ್ನೂ ಉಳಿದ 15ನ್ನೂ ಮುಕ್ಕಾಲಿನಿಂದ ಭಾಗಿಸು. ಮೊದಲನೆಯದು ಮೂರನೇ ನಾಲ್ಕು, ಎರಡನೆಯದು 20. ಮೊದಲನೆಯದರ ವರ್ಗ ಒಂಬತ್ತನೇ ಹದಿನಾರು. ಅದಕ್ಕೆ 20 ಕೂಡಿಸಿದರೆ ಒಂಬತ್ತನೇ ನೂರ ತೊಂಬತ್ತಾರು. ಅದರ ವರ್ಗಮೂಲ ಮೂರನೇ ಹದಿನಾಲ್ಕು. ಅದಕ್ಕೆ ಮೊದಲಿನ ಮೂರನೇ ನಾಲ್ಕನ್ನು ಕೂಡಿಸು: ಮೂರನೇ ಹದಿನೆಂಟು, ಅಂದರೆ 6. ಅದರ ವರ್ಗ 36. ಒಂಟೆಗಳು 36. ತಾಳೆ ನೋಡೋಣ. ಕಾಡಿನಲ್ಲಿ 9, ಬೆಟ್ಟದಲ್ಲಿ 6ರ ಎರಡರಷ್ಟು 12, ದಡದಲ್ಲಿ 15. ಕೂಡಿದರೆ 36.

ನಮ್ಮ ಹೊಲದ ತುಂಡಿಗೆ ಮಾಡಿದ ಕೆಲಸವೇ ಇಲ್ಲೂ ನಡೆದದ್ದು. ಮುಕ್ಕಾಲಿನಿಂದ ಭಾಗಿಸಿ ವರ್ಗದ ಗುಣಕವನ್ನು ಒಂದಕ್ಕೆ ತಂದ, ಗುಣಕದ ಅರ್ಧದ ವರ್ಗ ಕೂಡಿಸಿ ಚೌಕ ತುಂಬಿಸಿದ, ವರ್ಗಮೂಲ ತೆಗೆದ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಹೆಜ್ಜೆಗಳು, ಒಂದೂ ಬದಲಾಗಿಲ್ಲ.

ಆದರೆ ಮೂರನೇ ನಾಲ್ಕು, ಒಂಬತ್ತನೇ ಹದಿನಾರು ಎಂಬ ಭಿನ್ನರಾಶಿಗಳು ಮಕ್ಕಳನ್ನು ಸುಸ್ತು ಮಾಡುತ್ತವೆ. ಅವುಗಳನ್ನು ತಪ್ಪಿಸುವ ದಾರಿ ತೋರಿಸಿದವನು ಶ್ರೀಧರಾಚಾರ್ಯ. ಅವನ ಬೀಜಗಣಿತದ ಗ್ರಂಥ ಉಳಿದಿಲ್ಲ. ಭಾಸ್ಕರಾಚಾರ್ಯ ತನ್ನ ಗ್ರಂಥದಲ್ಲಿ ಹೆಸರು ಹೇಳಿ ಆ ನಿಯಮವನ್ನು ಕೊಟ್ಟದ್ದರಿಂದ ನಮಗೆ ದಕ್ಕಿತು. ನಿಯಮ ಇಷ್ಟೇ: ವರ್ಗದ ಗುಣಕದ ನಾಲ್ಕರಷ್ಟರಿಂದ ಎರಡೂ ಕಡೆಯನ್ನು ಗುಣಿಸು. ಆಮೇಲೆ ಒಂಟಿ ಪದದ ಮೊದಲಿನ ಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು. ಆಮೇಲೆ ವರ್ಗಮೂಲ.

ಒಂಟೆಗಳ ಲೆಕ್ಕವನ್ನೇ ಹೀಗೆ ಮಾಡೋಣ, ಬರೆದುಕೊಳ್ಳಿ. ಕಾಲು, ಮುಕ್ಕಾಲು ಹೋಗಲೆಂದು ಮೊದಲು ಎಲ್ಲವನ್ನೂ 4ರಿಂದ ಗುಣಿಸಿ. ಆಗ ಮೂಲದ ವರ್ಗದ ಮೂರರಷ್ಟರಲ್ಲಿ ಮೂಲದ ಎಂಟರಷ್ಟನ್ನು ಕಳೆದರೆ 60. ವರ್ಗದ ಗುಣಕ 3, ಅದರ ನಾಲ್ಕರಷ್ಟು 12. 12ರಿಂದ ಗುಣಿಸಿ. ವರ್ಗದ ಮೂವತ್ತಾರರಷ್ಟು, ಅದರಲ್ಲಿ ಮೂಲದ ತೊಂಬತ್ತಾರರಷ್ಟು ಕಳೆದರೆ 720. ಈಗ 8ರ ವರ್ಗ 64 ಎರಡೂ ಕಡೆ ಕೂಡಿಸಿ. ಬಲಗಡೆ 784. ಎಡಗಡೆ, ಮೂಲದ ಆರರಷ್ಟರಲ್ಲಿ 8 ಕಳೆದದ್ದರ ವರ್ಗ. 784ರ ವರ್ಗಮೂಲ 28. ಆದ್ದರಿಂದ ಮೂಲದ ಆರರಷ್ಟು ಅಂದರೆ 28ಕ್ಕೆ 8 ಕೂಡಿ 36, ಮೂಲ 6. ದಾರಿಯಲ್ಲಿ ಭಿನ್ನರಾಶಿಯೇ ಇಲ್ಲ.

ಗುಣಿಸುವಾಗ ಗುಣಕ ಯಾಕೆ, ನಾಲ್ಕು ಯಾಕೆ? ಗುಣಕದಿಂದ ಗುಣಿಸಿದರೆ ಮೊದಲ ಪದ ತಾನೇ ಒಂದು ಪೂರ್ಣ ವರ್ಗವಾಗುತ್ತದೆ. ಇನ್ನು ಪಟ್ಟಿಯನ್ನು ಎರಡು ಮಾಡುವಾಗ ಬೆಸ ಸಂಖ್ಯೆ ಬಂದರೆ ಅರ್ಧ ಉಳಿಯುತ್ತದೆಯಲ್ಲ, ಆ ಅರ್ಧ ಬರಬಾರದೆಂದು ನಾಲ್ಕು. ಇದನ್ನು ಅಂಕಿಗಳ ಬದಲು ಎ, ಬಿ, ಸಿ ಎಂಬ ಅಕ್ಷರಗಳಿಗೆ ಮಾಡಿ ನೋಡಿ. ಎಕ್ಸ್ ವರ್ಗದ ಗುಣಕ ಎ, ಎಕ್ಸ್‌ನ ಗುಣಕ ಬಿ, ಬಿಡಿ ಸಂಖ್ಯೆ ಸಿ, ಒಟ್ಟು ಸೊನ್ನೆ. ಸಿಯನ್ನು ಬಲಕ್ಕೆ ಕಳಿಸಿ, ನಾಲ್ಕು ಎಯಿಂದ ಗುಣಿಸಿ, ಬಿ ವರ್ಗ ಕೂಡಿಸಿ. ಎಡಗಡೆ ‘ಎರಡು ಎ ಎಕ್ಸ್ ಪ್ಲಸ್ ಬಿ’ ಇದರ ವರ್ಗ. ಬಲಗಡೆ ‘ಬಿ ವರ್ಗ ಮೈನಸ್ ನಾಲ್ಕು ಎ ಸಿ’. ವರ್ಗಮೂಲ ತೆಗೆಯಿರಿ, ಬಿ ಕಳೆಯಿರಿ, ಎರಡು ಎಯಿಂದ ಭಾಗಿಸಿ. ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುವ ಸೂತ್ರ ಬಂದು ನಿಂತಿತು. ಮೈನಸ್ ಬಿ ಕಳೆದದ್ದರಿಂದ ಬಂತು, ನಾಲ್ಕು ಶ್ರೀಧರನಿಂದ ಬಂತು. ಹೀಗೆ ಒಮ್ಮೆ ತಾನೇ ಮಾಡಿದ ಮಗು ಪರೀಕ್ಷೆಯ ಕೊಠಡಿಯಲ್ಲಿ ಸೂತ್ರ ಮರೆತರೂ ಎರಡು ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲದು.

ಅಪವರ್ತನ ವಿಧಾನ ಯಾಕೆ ಹೇಳಲಿಲ್ಲ ಎಂದು ಕೆಲವರು ಕೇಳಬಹುದು. ಗುಣಿಸಿದರೆ 91, ವ್ಯತ್ಯಾಸ 6 ಇರುವ ಎರಡು ಸಂಖ್ಯೆ ಹುಡುಕು ಅಂದರೆ 13, 7 ಬೇಗ ಸಿಗುತ್ತವೆ. ಸಿಕ್ಕಾಗ ಅದೇ ಸುಲಭ, ಅದನ್ನೇ ಮಾಡಿ. ಆದರೆ ಅದೇ ಹೊಲ 91ರ ಬದಲು 80 ಚದರ ಮೀಟರ್ ಇದ್ದರೆ? ವ್ಯತ್ಯಾಸ 6 ಇರುವ ಯಾವ ಎರಡು ಪೂರ್ಣ ಸಂಖ್ಯೆಗಳ ಗುಣಲಬ್ಧವೂ 80 ಅಲ್ಲ. ಅಲ್ಲಿ ಹುಡುಕಾಟ ನಿಂತುಹೋಗುತ್ತದೆ. ಚೌಕ ತುಂಬಿಸುವವರಿಗೆ ಅಡ್ಡಿಯಿಲ್ಲ. 80ಕ್ಕೆ 9 ಕೂಡಿ 89, ಅದರ ವರ್ಗಮೂಲ ಸುಮಾರು 9.43, ಅದರಲ್ಲಿ 3 ಕಳೆದರೆ 6.43. ಅಗಲ 6 ಮೀಟರ್ 43 ಸೆಂಟಿಮೀಟರ್. ನಿಜವಾದ ಹೊಲಗಳ ಅಳತೆ ಹೀಗೇ ಇರುತ್ತದೆ.

ಈಗ ಎರಡು ಉತ್ತರಗಳ ವಿಷಯ. ಪಾಠಕ್ಕೆ ಬರುವ ಮಕ್ಕಳು ಮತ್ತೆ ಮತ್ತೆ ಕೇಳುವುದು ಇದನ್ನೇ: “ಸಾರ್, ಎರಡು ಉತ್ತರ ಬಂತು, ಯಾವುದನ್ನು ಬರೀಬೇಕು?” 100ರ ವರ್ಗಮೂಲ 10 ಹೌದು, ಮೈನಸ್ 10 ಕೂಡ ಹೌದು. ಎರಡನ್ನೂ ತನ್ನಿಂದಲೇ ಗುಣಿಸಿದರೆ 100. ಹೊಲದ ಲೆಕ್ಕದಲ್ಲಿ ಮೈನಸ್ 10 ಹಿಡಿದರೆ ಅಗಲ ಮೈನಸ್ 13 ಆಗುತ್ತದೆ. ಸಮೀಕರಣ ಅದನ್ನು ಒಪ್ಪುತ್ತದೆ, ಹೊಲ ಒಪ್ಪುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕೆಂದು ಸೂತ್ರ ಹೇಳಲಾರದು. ಉತ್ತರವನ್ನು ಮತ್ತೆ ಪ್ರಶ್ನೆಯ ಬಳಿ ತೆಗೆದುಕೊಂಡು ಹೋಗಿ ಕೇಳಬೇಕು.

ಇದನ್ನು ಭಾಸ್ಕರಾಚಾರ್ಯನಷ್ಟು ಚೆನ್ನಾಗಿ ಕಲಿಸಿದವರನ್ನು ನಾನು ಕಂಡಿಲ್ಲ. 1114ರಲ್ಲಿ ಹುಟ್ಟಿದ ಈತ ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದಲ್ಲಿ ಗುರುತಿಸುವವರೂ ಇದ್ದಾರೆ. ಅವನ ಬೀಜಗಣಿತದಲ್ಲಿ ಕೋತಿಗಳ ಎರಡು ಲೆಕ್ಕಗಳಿವೆ, ಜೋಡಿಯಾಗಿ ಓದಬೇಕಾದವು. ಮೊದಲನೆಯದು: ಕೋತಿಗಳ ಗುಂಪಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಾಡಿನಲ್ಲಿ ಆಡುತ್ತಿವೆ, 12 ಗುಡ್ಡದ ಮೇಲಿವೆ. ಲೆಕ್ಕ ಮಾಡಿದರೆ 48 ಮತ್ತು 16 ಎಂದು ಎರಡು ಉತ್ತರ. 48ರ ಎಂಟನೇ ಒಂದು 6, ಅದರ ವರ್ಗ 36, 12 ಕೂಡಿದರೆ 48. ಸರಿ. 16ರ ಎಂಟನೇ ಒಂದು 2, ಅದರ ವರ್ಗ 4, 12 ಕೂಡಿದರೆ 16. ಅದೂ ಸರಿ. ಎರಡನ್ನೂ ಇಟ್ಟುಕೊಳ್ಳಬೇಕು. ಇನ್ನೊಂದರಲ್ಲಿ ಗುಂಪಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಅದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಕಾಣುತ್ತಿದೆ. ಇಲ್ಲಿ ಬರುವುದು 50 ಮತ್ತು 5. 50ರ ಐದನೇ ಒಂದು 10, ಅದರಲ್ಲಿ 3 ಹೋದರೆ 7, ವರ್ಗ 49, ಕೊಂಬೆಯ ಒಂದು ಸೇರಿ 50. ಆದರೆ 5ರ ಐದನೇ ಒಂದು 1, ಅದರಲ್ಲಿ 3 ಕಳೆಯಲು ಹೋದರೆ ಮೈನಸ್ 2. ವರ್ಗ ಮಾಡಿದ ಮೇಲೆ ಅಂಕಿ ಸರಿ ಕಾಣುತ್ತದೆ, ಆದರೆ ಇಲ್ಲದ ಕೋತಿಗಳನ್ನು ಗುಂಪಿನಿಂದ ತೆಗೆದಂತಾಯಿತು. ಈ ಎರಡನೆಯ ಉತ್ತರ ಬೇಡ, ಲೋಕ ಅದನ್ನು ಒಪ್ಪುವುದಿಲ್ಲ ಎಂದು ಭಾಸ್ಕರ ತಾನೇ ಹೇಳುತ್ತಾನೆ. ‘ಮೈನಸ್ ಬಂದರೆ ಬಿಡು’ ಎಂಬ ಕುರುಡು ನಿಯಮ ಇಲ್ಲಿ ಸಾಲದು ಎಂಬುದನ್ನು ಗಮನಿಸಿ. 5 ಮೈನಸ್ ಸಂಖ್ಯೆಯಲ್ಲ. ಆದರೂ ಅದು ಸಲ್ಲುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ‘ಎಕ್ಸ್ ವರ್ಗ ಅಂದರೆ ಏಳು ಎಕ್ಸ್’ ಎಂದು ಇದ್ದಾಗ ಎರಡೂ ಕಡೆ ಎಕ್ಸ್ ಹೊಡೆದುಹಾಕಿ 7 ಎಂದು ಬರೆದು ಮುಂದೆ ಹೋಗುತ್ತಾರೆ. ಸೊನ್ನೆಯೂ ಉತ್ತರವಾಗಿತ್ತು, ಅದನ್ನು ಕೈಯಾರೆ ಕಳೆದುಕೊಂಡಂತಾಯಿತು. ಗೊತ್ತಿಲ್ಲದ ಸಂಖ್ಯೆಯಿಂದ ಭಾಗಿಸಬೇಡಿ. ಅದೇ ಸೊನ್ನೆ ಇರಬಹುದು.

ಈಗ ಬೇಲಿಗೆ ಬರೋಣ. ನಮ್ಮ ಕಡೆ ಕಾಡುಹಂದಿ, ಕಾಡುಕೋಣದ ಕಾಟಕ್ಕೆ ಬೇಲಿ ಹಾಕದೆ ಬೆಳೆ ಉಳಿಸಿಕೊಳ್ಳುವುದು ಕಷ್ಟ. ಒಬ್ಬ ರೈತನ ಬಳಿ 40 ಮೀಟರ್ ಉದ್ದ ಬೇಲಿ ಹಾಕುವಷ್ಟು ತಂತಿ ಇದೆ ಎನ್ನಿ. ಆಯತಾಕಾರದ ತುಂಡಿಗೆ ಸುತ್ತಬೇಕು. ಒಂದು ಉದ್ದ, ಒಂದು ಅಗಲ ಸೇರಿ 20. ಅಗಲ ಎಷ್ಟಿಟ್ಟರೆ 91 ಚದರ ಮೀಟರ್ ಸಿಗುತ್ತದೆ? ಅಗಲವನ್ನು, 20ರಲ್ಲಿ ಅಗಲ ಕಳೆದದ್ದರಿಂದ ಗುಣಿಸಿದರೆ 91. ತಿರುಗಿಸಿ ಬರೆದರೆ, ಅಗಲದ ವರ್ಗದಲ್ಲಿ ಅಗಲದ ಇಪ್ಪತ್ತರಷ್ಟು ಕಳೆದರೆ ಮೈನಸ್ 91. 20ರ ಅರ್ಧ 10, ವರ್ಗ 100, ಎರಡೂ ಕಡೆ ಕೂಡಿಸಿ. ಬಲಗಡೆ 9. ಅಂದರೆ ಅಗಲದಲ್ಲಿ 10 ಕಳೆದದ್ದರ ವರ್ಗ 9. ಆದ್ದರಿಂದ ಅಗಲ 10ಕ್ಕಿಂತ 3 ಹೆಚ್ಚು ಅಥವಾ 3 ಕಡಿಮೆ: 13 ಅಥವಾ 7. ಎರಡೂ ಸರಿ. ಒಂದೇ ಹೊಲವನ್ನು ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ನೋಡಿದಂತೆ. ನಾವು ಮೊದಲು ಅಳೆದ ತುಂಡೇ ಇದು.

ರೈತ ಇನ್ನೂ ಸ್ವಲ್ಪ ಹೆಚ್ಚು ನೆಲ ಬೇಕು ಅನ್ನುತ್ತಾನೆ. 100 ಚದರ ಮೀಟರ್ ಆಗಲಿ. ಮೈನಸ್ 100ಕ್ಕೆ 100 ಕೂಡಿ ಸೊನ್ನೆ. ಅಗಲ 10 ಮಾತ್ರ, ಬೇರೆ ಉತ್ತರ ಇಲ್ಲ. ಹೊಲ ಸರಿಯಾದ ಚೌಕವಾಯಿತು. 120 ಬೇಕು ಎಂದರೆ? ಮೈನಸ್ 120ಕ್ಕೆ 100 ಕೂಡಿ ಮೈನಸ್ 20. ಯಾವ ಅಗಲದಲ್ಲಿ 10 ಕಳೆದು ವರ್ಗ ಮಾಡಿದರೂ ಮೈನಸ್ 20 ಬರುವುದಿಲ್ಲ. ಅಂದರೆ ಈ ತಂತಿಯಲ್ಲಿ ಅಷ್ಟು ನೆಲದ ಆಯತವನ್ನು ಸುತ್ತಲು ಸಾಧ್ಯವೇ ಇಲ್ಲ. 101 ಕೂಡ ಸಾಧ್ಯವಿಲ್ಲ, ನೂರೇ ಮಿತಿ. ಹೊಲಕ್ಕೆ ಕಾಲಿಡುವ ಮೊದಲೇ, ಒಂದು ಗೂಟ ನೆಡುವ ಮೊದಲೇ, ಕಾಗದದ ಮೇಲೆ ಇದು ತಿಳಿಯಿತು. ಪುಸ್ತಕಗಳಲ್ಲಿ ‘ಬಿ ವರ್ಗ ಮೈನಸ್ ನಾಲ್ಕು ಎ ಸಿ’ಗೆ ಶೋಧಕ ಎಂದು ಹೆಸರು. ಈ ಮೂರು ಬೇಲಿಗಳಿಗೆ ಅದು ಕ್ರಮವಾಗಿ 36, ಸೊನ್ನೆ, ಮೈನಸ್ 80. ಧನವಾದರೆ ಎರಡು ಉತ್ತರ, ಸೊನ್ನೆಯಾದರೆ ಒಂದು, ಋಣವಾದರೆ ಇಲ್ಲ ಎಂದು ಮಕ್ಕಳು ಕಂಠಪಾಠ ಮಾಡುತ್ತಾರೆ. ಬೇಲಿ ಸುತ್ತಿ ನೋಡಿದವರಿಗೆ ಕಂಠಪಾಠ ಬೇಕಿಲ್ಲ.

ಋಣಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರ ಸ್ಪಷ್ಟವಾಗಿ ಬರೆದಿದ್ದಾನೆ. ಏಳು ಶತಮಾನಗಳ ನಂತರ, 1545ರಲ್ಲಿ, ಇಟಲಿಯ ಕಾರ್ಡಾನೊ ಇದೇ ಜಾತಿಯ ಪ್ರಶ್ನೆಯನ್ನು ಎತ್ತಿಕೊಂಡ: 10ನ್ನು ಎರಡು ಭಾಗ ಮಾಡು, ಅವುಗಳ ಗುಣಲಬ್ಧ 40 ಆಗಲಿ. ನಮ್ಮ ಬೇಲಿಯ ಲೆಕ್ಕದಂತೆಯೇ ಇದು ಅಸಾಧ್ಯ. 25ಕ್ಕಿಂತ ಹೆಚ್ಚು ಬರಲಾರದು. ಅವನು ಅಲ್ಲಿಗೆ ನಿಲ್ಲಿಸದೆ ಮೈನಸ್ 15ರ ವರ್ಗಮೂಲವನ್ನು ಹಾಗೆಯೇ ಬರೆದು ಗುಣಿಸಿ ನೋಡಿದ, 40 ಬಂತು. ಇವತ್ತು ವಿದ್ಯುತ್ ಎಂಜಿನಿಯರುಗಳು ದಿನವೂ ಬಳಸುವ ಸಂಮಿಶ್ರ ಸಂಖ್ಯೆಗಳ ಕಥೆ ಶುರುವಾದದ್ದು ಇಂಥ ಕಡೆಯಿಂದ. ಹೊಲ ಅಳೆಯುವವನಿಗೆ ಮಹಾವೀರನ ಮಾತು ಸಾಕು. ಪಿಯುಸಿಯಲ್ಲಿ ಮುಂದೆ ಓದುವವರು ಕಾರ್ಡಾನೊನ ದಾರಿ ಹಿಡಿಯುತ್ತಾರೆ.

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಲು ಹೊರಟಾಗ ಹತ್ತನೆಯ ತರಗತಿಯ ಗಣಿತ ಪುಸ್ತಕದಿಂದ ವರ್ಗ ಪೂರ್ಣಗೊಳಿಸುವ ವಿಧಾನವನ್ನೇ ಕೈಬಿಟ್ಟಿತು. ಅಪವರ್ತನ ಉಳಿಯಿತು, ಸೂತ್ರ ಉಳಿಯಿತು. ಸೂತ್ರ ಹುಟ್ಟಿದ ದಾರಿ ಹೋಯಿತು. ತಮಿಳುನಾಡಿನ ಹತ್ತನೆಯ ತರಗತಿಯ ಪುಸ್ತಕದಲ್ಲಿ ಆ ವಿಧಾನಕ್ಕೆ ಜಾಗವಿದೆ ಎಂಬುದು ನಮ್ಮ ಮಕ್ಕಳ ಅದೃಷ್ಟ. ಮಕ್ಕಳ ಹೊರೆ ಇಳಿಸಬೇಕೆಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ತೆಗೆಯಬಾರದ್ದನ್ನು ತೆಗೆದರು ಎಂಬುದೇ ನನ್ನ ಅಭಿಪ್ರಾಯ. ಅರ್ಥವಾದ ಒಂದು ಹೆಜ್ಜೆ ಹೊರೆಯಾಗುವುದಿಲ್ಲ, ಅರ್ಥವಾಗದ ಸೂತ್ರ ಹೊರೆಯಾಗುತ್ತದೆ. ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟು: ಪುಸ್ತಕದಲ್ಲಿ ಇರಲಿ ಬಿಡಲಿ, ಸೂತ್ರ ಬರೆಯುವ ಹಿಂದಿನ ದಿನ ಒಂದು ಪೀರಿಯಡ್ ಕಾಗದ, ಕತ್ತರಿಗೆ ಕೊಡಿ. ಮಕ್ಕಳೇ ಆಯತ ಕತ್ತರಿಸಲಿ, ಪಟ್ಟಿಯನ್ನು ಎರಡು ಮಾಡಲಿ, ಖಾಲಿ ಮೂಲೆಯನ್ನು ತಾವೇ ಕಾಣಲಿ.

ಕೊನೆಗೆ ಕೇಳುಗರಿಗೊಂದು ಲೆಕ್ಕ, ಇದೂ ಮಹಾವೀರನದೇ. ನವಿಲುಗಳ ಒಂದು ಗುಂಪು. ಅದರ ಹದಿನಾರನೇ ಒಂದು ಭಾಗದ ವರ್ಗದಷ್ಟು ಮಾವಿನ ಮರದ ಮೇಲಿವೆ. ಗುಂಪಿನ ಹದಿನಾರನೇ ಒಂದು ಭಾಗವನ್ನು ಬಿಟ್ಟು ಉಳಿದದ್ದರ ಒಂಬತ್ತನೇ ಒಂದು ಭಾಗ ತೆಗೆದುಕೊಳ್ಳಿ. ಅದರ ವರ್ಗದಷ್ಟು, ಜೊತೆಗೆ 14, ತಮಾಲದ ಮರಗಳಲ್ಲಿವೆ. ಒಟ್ಟು ಎಷ್ಟು ನವಿಲು? ಒಟ್ಟು ಸಂಖ್ಯೆಯನ್ನು ಎಕ್ಸ್ ಎಂದು ಹಿಡಿಯಬೇಡಿ, ಅಂಕಿಗಳು ಬೆಳೆದು ಕೈ ಮೀರುತ್ತವೆ. ಅದರ ಹದಿನಾರನೇ ಒಂದು ಭಾಗವನ್ನು ಎಕ್ಸ್ ಎಂದು ಹಿಡಿಯಿರಿ. ಉಳಿದದ್ದು 15 ಎಕ್ಸ್ ಆಗುತ್ತದೆ. ಭಿನ್ನರಾಶಿ ತೆಗೆದು, ಸಾಮಾನ್ಯ ಅಪವರ್ತನದಿಂದ ಭಾಗಿಸಿ ಅಂಕಿಗಳನ್ನು ಆದಷ್ಟು ಚಿಕ್ಕದು ಮಾಡಿಕೊಂಡು, ಶ್ರೀಧರನ ನಿಯಮ ಹಚ್ಚಿ. ವರ್ಗಮೂಲ ತೆಗೆಯುವ ಹೊತ್ತಿಗೆ ಬಲಗಡೆ 900 ಬಂದರೆ ನಿಮ್ಮ ದಾರಿ ಸರಿಯಿದೆ ಎಂದು ತಿಳಿಯಿರಿ. ಎರಡು ಉತ್ತರ ಬರುತ್ತವೆ, ಎರಡೂ ಧನಸಂಖ್ಯೆಗಳೇ. ಅವುಗಳಲ್ಲಿ ಒಂದನ್ನು ಬಿಡಬೇಕು. ಯಾವುದನ್ನು, ಯಾಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಉತ್ತರದಷ್ಟೇ ಆ ವಾಕ್ಯವೂ ಮುಖ್ಯ. ಮನೆಯ ಮಕ್ಕಳ ಜೊತೆ ಕೂತು ಇವತ್ತೇ ಮಾಡಿ ನೋಡಿ.